ಬೈದವರ ಕೈ

ಶೆಟ್ಟೆವ್ವ ಸಿಟ್ಟು ಬಂದರೆ ಬಾಯಿ ಮಾಡುವ ಹೆಂಗಸಲ್ಲ. ಯಾರ ಮೇಲೆ ಸಿಟ್ಟೋ ಅವರಿಗೆ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದಳು, ಅಷ್ಟೇ. ಮೇಲವಂಕಿಯ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಂಡ ಸೋಮಲಿಂಗ ಹೊರಗಿನಿಂದ ಬಂದವನೇ ಹೆಂಡತಿಯ ಮುಖ ಕಾಣುತ್ತದೋ ಬೆನ್ನು ಕಾಣುತ್ತದೋ ಎಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಬೆನ್ನು ಕಂಡರೆ ಚಹಾ ಕೇಳುವ ಗೋಜಿಗೆ ಹೋಗದೆ ಸೀದಾ ಗುಡಿಯ ಕಟ್ಟೆಯ ದಾರಿ ಹಿಡಿಯುತ್ತಿದ್ದ. ಮೂಡಲಗಿಯ ಕಾಲೇಜಿಗೆ ಹೋಗುತ್ತಿದ್ದ ಮಗಳು ಮಾಯಾಳದು ಇನ್ನೊಂದು ಥರ. ಅವ್ವ ಬೆನ್ನು ತಿರುಗಿಸಿದರೆ ತಾನೂ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಒಂದು ಅಡುಗೆಮನೆಯಲ್ಲಿ ಎರಡು ಬೆನ್ನು, ಒಲೆಯ ಮೇಲೆ ಸೀಯುತ್ತಿರುವ ಪಲ್ಯ.

ಈ ಬೆನ್ನನ್ನು ಗೆಲ್ಲುವ ಉಪಾಯ ಆ ಮನೆಯಲ್ಲಿ ಒಬ್ಬನಿಗೇ ಗೊತ್ತಿತ್ತು, ಮಗ ಭೀಮೇಶನಿಗೆ. ಅವನು ಮಾತಿಲ್ಲದೆ ಸುತ್ತು ಹಾಕಿ ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಅವಳು ಆ ಕಡೆ ತಿರುಗಿದರೆ ಕೂತಲ್ಲಿಂದಲೇ ಕುಪ್ಪಳಿಸಿ ಆ ಕಡೆ, ಈ ಕಡೆ ತಿರುಗಿದರೆ ಈ ಕಡೆ. ಹೀಗೆ ಎರಡು ಮೂರು ಸುತ್ತು ಆಗುವಷ್ಟರಲ್ಲಿ ಅವಳಿಗೇ ನಗು ತಡೆಯದೆ ಸೆರಗು ಬಾಯಿಗೆ ಹೋಗುತ್ತಿತ್ತು. ಮೀಸೆ ಹೊತ್ತ ಗಂಡಸು ತಾಯಿಯ ಸುತ್ತ ಕಪ್ಪೆಯ ಹಾಗೆ ಕುಪ್ಪಳಿಸುವುದನ್ನು ಕಂಡು ಓಣಿಯ ಹೆಂಗಸರು ನಗುತ್ತಿದ್ದರು. ನಗುವವರಿಗೇನು, ಅಂಥ ಮಗ ಅವರ ಮನೆಯಲ್ಲಿರಲಿಲ್ಲ.

ನಿಜ ಹೇಳಬೇಕೆಂದರೆ ಭೀಮೇಶ ಶೆಟ್ಟೆವ್ವನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವಳ ಅಕ್ಕ ಕಾಡವ್ವನ ಮಗ. ಅವರ ತವರು ಹುಕ್ಕೇರಿ ತಾಲೂಕಿನ ಘೋಡಗೇರಿ. ಸೋಮಲಿಂಗನಿಗೆ ಕೊಟ್ಟಿದ್ದ ಕಾಡವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆ ಮನೆಯಲ್ಲೇ ಆಯಿತು. ಗಂಡು ಕೂಸು ಅತ್ತಿತು, ಮನೆಯವರೆಲ್ಲ ನಕ್ಕರು, ಓಣಿಗೆಲ್ಲ ಸಕ್ಕರೆ ಹಂಚಿದರು. ಆ ಗಡಿಬಿಡಿಯಲ್ಲಿ ಬಾಣಂತಿಯ ಕೆಳಗೆ ಹಾಸಿದ್ದ ಹಳೆಯ ಸೀರೆಗಳು ಒಂದರ ಮೇಲೊಂದು ನೆನೆಯುತ್ತಿದ್ದುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೊಲಸು ರಕ್ತ, ಹೋದಷ್ಟೂ ಒಳ್ಳೆಯದು ಎಂದಳು ಸೂಲಗಿತ್ತಿ. ಹುಕ್ಕೇರಿಯ ಕಾಲೇಜಿಗೆ ಹೋಗುತ್ತಿದ್ದ ಶೆಟ್ಟೆವ್ವ ಅಕ್ಕನ ತಲೆಯ ಹತ್ತಿರ ಕೂತಿದ್ದಳು. ಅಕ್ಕ ನೀರು ನೀರು ಅಂದಳು. ಬಾಣಂತಿಗೆ ತಣ್ಣೀರು ಆಗದೆಂದು ಚಮಚದಲ್ಲಿ ಬಿಸಿನೀರು ಹಾಕಿದರು. ಚಳಿ ಅಂದಳು. ಹೊರಸಿನ ಕೆಳಗೆ ಕೆಂಡ ಇಟ್ಟರು. ಅಕ್ಕ ಹೊರಳಾಡುವುದು ಹೆಚ್ಚಾದಾಗ ಕೂಸು ಎಲ್ಲಿ ಕೆಳಗೆ ಬಿದ್ದೀತೋ ಎಂದು ಶೆಟ್ಟೆವ್ವ ಎತ್ತಿಕೊಳ್ಳಲು ಹೋದಳು. ಕಾಡವ್ವ ಆ ಕೈಯನ್ನು ಬಡಿದು ಸರಿಸಿದಳು.

"ದೂರ ಸರಿ. ನನ್ನ ಕೂಸಿನ್ನ ಮುಟ್ಟಬ್ಯಾಡ ನೀ."

ಅದೇ ಕಾಡವ್ವನ ಕಡೆಯ ಮಾತು. ಸಂಜೆ ದೀಪ ಹಚ್ಚುವುದರೊಳಗೆ ಅವಳು ಹೋಗಿದ್ದಳು.

ವರ್ಷ ಒಪ್ಪತ್ತು ಕಳೆದ ಮೇಲೆ ಹಿರಿಯರು ಕೂತು, ಕೂಸಿಗೆ ಮಲತಾಯಿ ಬರುವುದಕ್ಕಿಂತ ಚಿಕ್ಕವ್ವನೇ ತಾಯಿಯಾಗಲಿ ಎಂದು ಶೆಟ್ಟೆವ್ವನನ್ನು ಸೋಮಲಿಂಗನಿಗೆ ಕೊಟ್ಟರು. ಮಾತು ಬರೋಬ್ಬರಿಯೇ. ಅವಳೂ ಬೇಡ ಅನ್ನಲಿಲ್ಲ. ಆದರೆ ಅಕ್ಕ ಮುಟ್ಟಬೇಡ ಅಂದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಅಕ್ಕನ ಮನೆಯ ಹೊಸ್ತಿಲು ದಾಟಿದ್ದಳು. ಆ ಮಾತನ್ನು ಗಂಡನಿಗೆ ಹೇಳಲಿಲ್ಲ, ಹಡೆದವ್ವನಿಗೂ ಹೇಳಲಿಲ್ಲ. ಕೂಸಿಗೆ ಜ್ವರ ಬಂದರೆ, ಬಿದ್ದು ಮೊಣಕಾಲು ಕೆತ್ತಿಕೊಂಡರೆ, ಅಕ್ಕ ಎಲ್ಲೋ ನಿಂತು ನೋಡುತ್ತಿದ್ದಾಳೆ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ತನ್ನದೇ ಮಗಳು ಹುಟ್ಟಿದ ಮೇಲೂ ತುಪ್ಪದ ಮೊದಲ ಚಮಚ ಬೀಳುತ್ತಿದ್ದುದು ಭೀಮೇಶನ ತಾಟಿಗೆ. ಹಡೆದವಳು ಬೇರೆ ಎಂದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು, ಗೋಡೆಯ ಮೇಲೆ ಕಾಡವ್ವನ ಫೋಟೋ ಇತ್ತು. ಒಂದು ದಿನವೂ ಅವನ ಬಾಯಿಂದ ಅವ್ವ ಅನ್ನುವುದರ ಬದಲು ಇನ್ನೊಂದು ಶಬ್ದ ಬಂದಿರಲಿಲ್ಲ.

ಏಪ್ರಿಲ್ ತಿಂಗಳು. ಕಬ್ಬು ಕಡಿದು ಫ್ಯಾಕ್ಟರಿಗೆ ಹೋಗಿ, ಹೊಲದಲ್ಲಿ ಕೂಳೆ ಉಳಿದಿತ್ತು. ಹಿಡಕಲ್ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟಿದ್ದರು. ಅಂದು ಮಧ್ಯಾಹ್ನದವರೆಗೆ ಇವರ ಪಾಳಿ, ಆಮೇಲೆ ಬಾಜೂ ಹೊಲದ ಲಗಮಣ್ಣನದು. ಪಾಳಿ ತಪ್ಪಿದರೆ ಮುಂದಿನ ಸಲ ನೀರು ಬರುವಷ್ಟರಲ್ಲಿ ಕೂಳೆ ಒಣಗಿ ಕಡ್ಡಿಯಾಗುತ್ತದೆ. ಅದಕ್ಕೇ ಆ ಸೀಮೆಯಲ್ಲಿ ನೀರಿನ ಪಾಳಿ ಇದ್ದವನು ಮಾವನ ಮನೆಯಿಂದ ಕರೆ ಬಂದರೂ ಹೊಲ ಬಿಟ್ಟು ಕದಲುವುದಿಲ್ಲ. ಭೀಮೇಶ ನಸುಕಿನಲ್ಲೇ ಸಲಕಿ, ಕುಡುಗೋಲು ಹಿಡಿದು ಹೋಗಿದ್ದ. ಸಲಕಿಯಿಂದ ಮಣ್ಣು ಸರಿಸಿ ಒಂದೊಂದೇ ಸಾಲಿಗೆ ನೀರು ತಿರುಗಿಸುವುದು, ಸಾಲು ತುಂಬುವವರೆಗೆ ಸುಮ್ಮನೆ ನಿಲ್ಲುವ ಬದಲು ಎತ್ತರ ಉಳಿದ ಕೂಳೆಯನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರುವುದು. ಎರಡು ಕೆಲಸ ಒಟ್ಟಿಗೆ ಮಾಡುವ ಹುಮ್ಮಸ್ಸು ಅವನದು. ಹಾಗೆ ಸವರುವಾಗ ಗಟ್ಟಿ ಕೂಳೆಗೆ ಬಡಿದ ಕುಡುಗೋಲು ಪುಟಿದು ಅವನ ಎಡಗಾಲಿನ ತೊಡೆಯ ಒಳಬದಿಗೆ, ಮೊಣಕಾಲಿನಿಂದ ತುಸು ಮೇಲೆ, ನೆಟ್ಟಿತು.

ಅವನು ಹೆಗಲ ಮೇಲಿನ ಟಾವೆಲ್ ಬಿಗಿದು ಕಟ್ಟಿದ. ಮತ್ತೆ ನೀರಿಗೆ ಇಳಿದ. ತಣ್ಣನೆಯ ನೀರಿನಲ್ಲಿ ನಿಂತರೆ ಉರಿ ಗೊತ್ತಾಗಲಿಲ್ಲವೇನೋ. ಇಡೀ ಜಗತ್ತಿನಲ್ಲಿ ಗಾಯಕ್ಕೆ ಕಟ್ಟಿದ ಬಟ್ಟೆ ಕೆಂಪಾದರೆ ಮನುಷ್ಯ ಹೆದರುತ್ತಾನೆ. ಇಲ್ಲಿ ಟಾವೆಲ್ಲೇ ಕೆಂಪು, ಅದೂ ನೀರಿನಲ್ಲಿ ತೊಯ್ದದ್ದು. ಹೊಲ ಕೆಂಪು ಮಸಾರಿ ಮಣ್ಣಿನದು, ಸಾಲಿನಲ್ಲಿ ಹರಿಯುವ ನೀರು ಯಾವಾಗಲೂ ಕೆಂಪೇ. ಕಾಲಿನಿಂದ ಇಳಿದದ್ದನ್ನೆಲ್ಲ ಆ ನೀರು ತನ್ನ ಜೊತೆ ಕರೆದುಕೊಂಡು ಹೋಗಿ ಕೂಳೆಯ ಬುಡಗಳಿಗೆ ಕುಡಿಸಿತು. ನೆಲದ ಮೇಲೆ ಒಂದು ಹನಿಯ ಗುರುತೂ ಉಳಿಯಲಿಲ್ಲ.

ಬಿಸಿಲೇರಿದ ಮೇಲೆ ಶೆಟ್ಟೆವ್ವ ಬುತ್ತಿ ಕಟ್ಟಿಕೊಂಡು ಬಂದಳು. ಕಾಲಿಗೇನಾಯಿತು ಎಂದು ಕೇಳಿದ್ದಕ್ಕೆ ಅವನು ಕೂಳೆ ತರಚಿದೆ, ಏನಿಲ್ಲ ಎಂದ. ಬಿಚ್ಚಿ ತೋರಿಸು ಎಂದಳು. ಪಾಳಿ ಮುಗಿಯಲಿ ಎಂದ. ಅವಳು ಅವನು ನಿಂತ ನೆಲ ನೋಡಿದಳು, ದಾಟಿ ಬಂದ ಬದು ನೋಡಿದಳು. ರಕ್ತ ಕಾಣಲಿಲ್ಲ, ಹಾಗಾಗಿ ನಂಬಿದಳು. ಅವನು ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದು ಇನ್ನೊಂದು ಕೇಳಿದ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟವನು ನುಂಗಲಾರದೆ ಉಗಿದ. ಕೂತ, ಎದ್ದ, ಮತ್ತೆ ಕೂತ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಆದರೆ ಮೈ ನಡುಗುತ್ತಿತ್ತು. ತುಟಿಗೆ ಬೂದಿ ಬಡಿದ ಬಣ್ಣ.

"ಯಾಕೋ ಥಂಡಿ ಹತ್ತೇತಿ ಬೇ," ಎಂದ. ಸುಡುವ ಬಿಸಿಲಿನಲ್ಲಿ.

ನಸುಕಿನಿಂದ ನೀರಿನಲ್ಲಿ ನಿಂತಿದ್ದಕ್ಕೆ ಜ್ವರ ಬರುತ್ತಿದೆ ಎಂದು ಶೆಟ್ಟೆವ್ವ ತಿಳಿದಳು. ಯಾವ ತಾಯಿಯಾದರೂ ಹಾಗೇ ತಿಳಿಯುತ್ತಿದ್ದಳು. ಉಳಿದ ಸಾಲು ನಾನು ನೋಡಿಕೊಳ್ಳುತ್ತೇನೆ, ನೀನು ನೆರಳಿಗೆ ಹೋಗಿ ಮಲಗು ಎಂದು ಸಲಕಿ ಕೇಳಿದಳು. ಅವನು ಕೊಡಲಿಲ್ಲ. ಹಟ ಬೇಡ ಎನ್ನುತ್ತ ಮೈ ಮುಟ್ಟಿ ನೋಡಲು ಅವಳು ಕೈ ಮುಂದೆ ಮಾಡಿದಳು. ಅವನು ಆ ಕೈಯನ್ನು ಗಾಳಿಯಲ್ಲೇ ಬಡಿದು ಸರಿಸಿದ. ಕಣ್ಣು ಕೆರಳಿದ್ದವು, ಅವು ಅವನ ಕಣ್ಣಿನ ಹಾಗೇ ಇರಲಿಲ್ಲ.

"ದೂರ ಸರಿ. ನೀ ಏನ್ ನನ್ನ ಹಡದೀಯೇನು?"

ಶೆಟ್ಟೆವ್ವನ ಕೈ ಅಲ್ಲೇ ನಿಂತಿತು. ದೂರ ಸರಿ. ಅದೇ ಮಾತು, ಅಕ್ಕನ ಬಾಯಿಂದ ಬಂದದ್ದೇ. ಅವನಿಗೆ ಆ ಮಾತು ಗೊತ್ತಿರಲು ಶಕ್ಯವೇ ಇರಲಿಲ್ಲ. ಇಷ್ಟು ವರ್ಷ ಸಾಕಿ ಸಲಹಿದ್ದೆಲ್ಲ ನೀರಿನಲ್ಲಿ ಹೋಮವಾಯಿತು, ತಾಯಿ ಅಂದದ್ದನ್ನೇ ಮಗನೂ ಅಂದ, ಇಬ್ಬರ ಹೊಟ್ಟೆಯೊಳಗೂ ಇದ್ದದ್ದು ಇದೇ ಎಂದು ಅವಳಿಗೆ ಅನ್ನಿಸಿತು. ಅವಳು ಹೊಲದ ತುದಿಯ ಬೇವಿನ ಮರದ ಕೆಳಗೆ ಹೋಗಿ, ಮಗನಿಗೆ ಬೆನ್ನು ತಿರುಗಿಸಿ ಕೂತಳು.

ಹಿಂದಿನಿಂದ ಸಲಕಿಯ ಸಪ್ಪಳ ಕೇಳುತ್ತಿತ್ತು. ಕೇಳುತ್ತ ಕೇಳುತ್ತ ಅವಳ ಸಿಟ್ಟು ಇಳಿಯತೊಡಗಿತು. ಅವಳ ಸಿಟ್ಟಿಗೆ ಅಷ್ಟೇ ಆಯುಷ್ಯ. ಜ್ವರದ ತಾಪಕ್ಕೆ ಏನೋ ಅಂದಿದ್ದಾನೆ, ಈಗ ಬರುತ್ತಾನೆ, ಸುತ್ತು ಹಾಕಿ ಎದುರಿಗೆ ಕೂರುತ್ತಾನೆ ಎಂದುಕೊಂಡಳು. ಈ ಸಲ ಬೇಗ ನಗಬಾರದು ಎಂದೂ ನಿಶ್ಚಯ ಮಾಡಿದಳು, ಮಾತು ಸಣ್ಣದಾಗಿರಲಿಲ್ಲ. ಸಲಕಿಯ ಸಪ್ಪಳ ನಿಂತಿತು. ಹಾಂ, ಹೊರಟ ಎಂದುಕೊಂಡಳು. ಮುಖ ಗಂಟಿಕ್ಕಿ, ಸೆರಗು ಸರಿ ಮಾಡಿಕೊಂಡು, ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕಾದಳು. ಅವಳು ಕಾಯುತ್ತಲೇ ಇದ್ದಳು.

ಪಾಳಿ ಹಿಡಿಯಲು ಬಂದ ಲಗಮಣ್ಣ ಕೂಗಿದಾಗಲೇ ಅವಳು ತಿರುಗಿದ್ದು. ಭೀಮೇಶ ಸಾಲಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದ. ನೀರು ಅವನನ್ನು ಬಳಸಿಕೊಂಡು ಹರಿಯುತ್ತಿತ್ತು.

ಲಗಮಣ್ಣನ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಗೋಕಾಕಕ್ಕೆ ಒಯ್ದರು. ದಾರಿಯುದ್ದಕ್ಕೂ ಅವಳು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತಿಕ್ಕುತ್ತಿದ್ದಳು. ಅಂದು ಅವಳು ಮೊದಲ ಸಲ ಆ ಕೈ ಮುಟ್ಟಿದ್ದು ಅಲ್ಲಿ. ಹಂಡೆಯ ತಳದ ನೀರಿನಷ್ಟು ತಣ್ಣಗಿತ್ತು. ಎಷ್ಟು ತಿಕ್ಕಿದರೂ ಬಿಸಿಯೇರಲಿಲ್ಲ. ಅವನು ಒಮ್ಮೆ ಕಣ್ಣು ತೆರೆದ. ಆ ಕಣ್ಣು ಅವಳ ಮುಖದ ಮೇಲೆ ಹಾಯಿತು, ಗುರುತು ಹಿಡಿಯದೆ ಮುಚ್ಚಿತು.

ಆಸ್ಪತ್ರೆಯಲ್ಲಿ ದೀಪಾ ಎಂಬ ಡಾಕ್ಟರು ಟಾವೆಲ್ ಬಿಚ್ಚುತ್ತಲೇ ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದು, ಎಷ್ಟು ರಕ್ತ ಹೋಗಿದೆ ಎಂದು ಕೇಳಿದರು. ಸ್ವಲ್ಪ ಹೋಗಿರಬೇಕು, ನೆಲದ ಮೇಲೆ ಬಿದ್ದದ್ದು ನಾನು ನೋಡಲಿಲ್ಲ ಎಂದಳು ಶೆಟ್ಟೆವ್ವ. ಡಾಕ್ಟರು ಅವನ ಕೆಳರೆಪ್ಪೆ ಎಳೆದು ನೋಡಿದರು. ಅದು ಸುಣ್ಣದ ಹಾಗೆ ಬೆಳ್ಳಗಿತ್ತು. ಅವರು ಮುಂದೆ ಏನೂ ಕೇಳದೆ ಅವಳನ್ನು ಹೊರಗೆ ಕಳಿಸಿದರು. ಬಾಟಲಿ ಏರಿಸಿದರು, ರಕ್ತಕ್ಕೆ ಓಡಿಸಿದರು. ರಕ್ತ ಬಂತು, ಏರತೊಡಗಿತು ಕೂಡ. ಆದರೆ ಖಾಲಿ ಕೊಳವೆಯಲ್ಲಿ ಮೋಟಾರು ಎಷ್ಟು ಹೊತ್ತು ತಿರುಗೀತು. ಸೋಮಲಿಂಗ ಬಂದು ಮುಟ್ಟುವುದಕ್ಕೂ ಅವನ ಎದೆಬಡಿತ ನಿಲ್ಲುವುದಕ್ಕೂ ಸರಿಹೋಯಿತು.

ಮೂಡಲಗಿಯಿಂದ ಬಸ್ಸಿನಲ್ಲಿ ಬಂದ ಮಾಯಾ ಅಣ್ಣನ ಮೇಲೆ ಬಿದ್ದು ಅತ್ತಳು. ಸೋಮಲಿಂಗ ಗೋಡೆಗೆ ತಲೆ ಬಡಿದುಕೊಂಡ. ಊರಿನಿಂದ ಬಂದವರು ಹಣೆಬರಹ, ದೇವರು ಕರೆದುಕೊಂಡ ಎಂದೆಲ್ಲ ಹೇಳಿದರು. ಯಾರದಾದರೂ ಮಗ ಸತ್ತಾಗ ಹೇಳುವ ಮಾತು ಜನಕ್ಕೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಶೆಟ್ಟೆವ್ವ ಮಾತ್ರ ಅಳಲಿಲ್ಲ. ವರಾಂಡದ ಮೂಲೆಯಲ್ಲಿ ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದಳು. ಮಾಯಾ ಹೋಗಿ ತಬ್ಬಿದರೂ ತಿರುಗಲಿಲ್ಲ.

ಡಾಕ್ಟರು ದೀಪಾ ಹೊರಗೆ ಬಂದವರು ಅವಳನ್ನು ನೋಡಿದರು. ಹಿಂದಿನಿಂದ ಕರೆದರು, ಓಗೊಡಲಿಲ್ಲ. ಆಗ ಅವರು ಸುತ್ತು ಹಾಕಿ ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಪಾಪ, ಅವರಿಗೇನು ಗೊತ್ತು. ಶೆಟ್ಟೆವ್ವ ಆ ಮುಖವನ್ನು ಬಹಳ ಹೊತ್ತು ನೋಡಿ ಬಾಯಿ ತೆರೆದಳು.

"ಅವ ನನ್ನ ಮ್ಯಾಲ ಸಿಟ್ಟಿನ್ಯಾಗ ಹೋದ್ನೇನ್ರಿ ಬಾಯಾರ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಏನಾಯಿತೆಂದು ಕೇಳಿದರು. ಶೆಟ್ಟೆವ್ವ ಹೊಲದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ನೀರು ಕೇಳಿದ್ದು, ನಡುಗಿದ್ದು, ಕೈ ಬಡಿದದ್ದು. ಅವನಂದ ಮಾತನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರು ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

"ರಕ್ತ ಕಡಿಮಿ ಆಗಾಕ ಹತ್ತಿದ ಕೂಡ್ಲೆ ಮೈ ಮೊದಲ ಕೈಕಾಲಿನ ರಕ್ತಾ ಜಗ್ಗಿ ಎದಿಗಿ, ತಲಿಗಿ ಕೊಡತೈತವ್ವ. ಅದಕ್ಕ ಕೈಕಾಲು ತಣ್ಣಗ ಆಗತಾವ, ನೀರಡಿಕಿ ಆಗತೈತಿ. ಹರೇದ ಮೈ ಬಾಳ ಹೊತ್ತು ತಡಕೊಂತೈತಿ. ನೋಡಿದವ್ರಿಗೆ ಏನೂ ಆಗಿಲ್ಲ ಅನಸತೈತಿ. ಕಡೀಕ ತಲಿಗೂ ರಕ್ತ ಸಾಲದಂಗ ಆದಾಗ ಮನಷ್ಯಾ ಸಿಡಿಸಿಡಿ ಮಾಡ್ತಾನ, ಎದುರಿಗೆ ಯಾರಿದ್ರ ಅವ್ರನ್ನ ಬೈತಾನ, ದೂರ ತಳ್ಳತಾನ. ಅದು ನಿಮ್ಮ ಮಗಾ ಆಡಿದ ಮಾತಲ್ಲ."

ಶೆಟ್ಟೆವ್ವ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಅವಳ ಬಾಯಿಂದ ಬಂದ ಪ್ರಶ್ನೆ ಡಾಕ್ಟರು ಎಣಿಸದೇ ಇದ್ದದ್ದು.

"ಬಾಣಂತ್ಯಾರಿಗೂ ಹಿಂಗ ಆಗತೈತೇನ್ರಿ?"

"ಯಾರಿಗಾದ್ರೂ ಆಗತೈತವ್ವ. ರಕ್ತ ಬಾಳ ಹೋದ್ರ ಎಲ್ಲಾರೂ ಹಂಗ ಮಾಡ್ತಾರ."

ಆಗ ಶೆಟ್ಟೆವ್ವ ಅತ್ತಳು. ಗೋಕಾಕದ ಆ ವರಾಂಡದಲ್ಲಿ ಇದ್ದವರು ಯಾರೂ ಅಂಥ ಅಳು ಕೇಳಿರಲಿಲ್ಲ. ಮಗನಿಗಾಗಿ ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಅವಳು ಅಕ್ಕನಿಗಾಗಿಯೂ ಅಳುತ್ತಿದ್ದಳು. ಘೋಡಗೇರಿಯ ಆ ಹೊರಸಿನ ಮೇಲೆ ಕಾಡವ್ವ ಅವಳನ್ನು ದೂರ ತಳ್ಳಿರಲಿಲ್ಲ, ಕೂಸನ್ನು ಮುಟ್ಟಬೇಡ ಅಂದಿರಲಿಲ್ಲ. ಇಷ್ಟು ವರ್ಷ ಎದೆಯ ಮೇಲೆ ಹೊತ್ತ ಕಲ್ಲು ಅಕ್ಕ ಇಟ್ಟದ್ದಾಗಿರಲಿಲ್ಲ. ಅದು ಇಳಿಯಿತು. ಇಳಿದ ಮರುಗಳಿಗೆಯಲ್ಲೇ ಅದಕ್ಕಿಂತ ದೊಡ್ಡದು ಬಂದು ಕೂತಿತು. ನೀರು ಕೇಳುವುದು, ಥಂಡಿ ಅನ್ನುವುದು, ಕೈ ಬಡಿಯುವುದು, ದೂರ ಸರಿ ಅನ್ನುವುದು, ಇದನ್ನೆಲ್ಲ ಅವಳು ಈ ಮೊದಲೇ ಒಮ್ಮೆ ಕಣ್ಣಾರೆ ಕಂಡಿದ್ದಳು. ಆ ಮಾತಿನ ಅರ್ಥವನ್ನು ಅಂದೇ ಯಾರಾದರೂ ತಿಳಿಸಿಕೊಟ್ಟಿದ್ದರೆ, ಅವಳು ಬೇವಿನ ಮರದ ಕಡೆಗೆ ಹೋಗುತ್ತಿರಲಿಲ್ಲ. ಅವನು ದೂರ ಸರಿ ಅಂದ ಗಳಿಗೆಯಲ್ಲೇ ಹತ್ತಿರ ಸರಿದು, ಅವನನ್ನು ಹೊತ್ತುಕೊಂಡು ಓಡುತ್ತಿದ್ದಳು. ಅವನು ಕರೆಯಬಲ್ಲ ರೀತಿಯಲ್ಲಿ ಕರೆದಿದ್ದ, ಅವಳು ಬೆನ್ನು ತಿರುಗಿಸಿದ್ದಳು.

ದಿನಕಾರ್ಯಗಳೆಲ್ಲ ಮುಗಿದವು. ಕೂಳೆ ಚಿಗುರಿ ಮೊಣಕಾಲುದ್ದ ಆಯಿತು. ಆ ವರ್ಷ ಲಗಮಣ್ಣನೇ ತನ್ನ ಪಾಳಿಯ ಜೊತೆ ಇವರ ಪಾಳಿಯ ನೀರನ್ನೂ ಹಾಯಿಸಿಕೊಟ್ಟ, ಸೋಮಲಿಂಗನಿಗೆ ಆ ಸಾಲುಗಳಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಕಾಡವ್ವನ ಫೋಟೋದ ಬಾಜೂಕ್ಕೆ ಭೀಮೇಶನ ಫೋಟೋ ಬಂತು, ತಾಯಿ ಮಗ ಮೊದಲ ಸಲ ಒಂದು ಗೋಡೆಯ ಮೇಲೆ ಕೂಡಿದರು. ಶೆಟ್ಟೆವ್ವ ಮೊದಲಿನ ಹಾಗೇ ರೊಟ್ಟಿ ಬಡಿದಳು, ದನಕ್ಕೆ ಮೇವು ಹಾಕಿದಳು. ಬೆನ್ನು ತಿರುಗಿಸುವುದನ್ನು ಮಾತ್ರ ಬಿಟ್ಟಳು.

ಅದು ಮನೆಯವರಿಗೆ ಮೊದಲು ತಿಳಿದದ್ದು ಪರೀಕ್ಷೆಯ ದಿನಗಳಲ್ಲಿ. ಓದುತ್ತಿದ್ದ ಮಾಯಾಳಿಗೆ ಅವ್ವ ನಡುನಡುವೆ ಊಟಕ್ಕೆ ಕರೆದದ್ದು ಕಿರಿಕಿರಿಯಾಗಿ, ಸುಮ್ಮನೆ ಹೋಗು ಎಂದು ರೇಗಿದಳು. ಶೆಟ್ಟೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಗಳ ಕೈ ಹಿಡಿದಳು, ಆಮೇಲೆ ಪಾದ ಮುಟ್ಟಿದಳು, ಕೆಳರೆಪ್ಪೆ ಎಳೆದು ನೋಡಿದಳು. ಮಾಯಾ ಮೊದಲು ಕೊಸರಿಕೊಂಡಳು. ಅವ್ವನ ಮುಖ ನೋಡಿದ ಮೇಲೆ ಸುಮ್ಮನೆ ಕೈ ಬಿಟ್ಟುಕೊಟ್ಟಳು. ಆಮೇಲಾಮೇಲೆ ಓಣಿಯಲ್ಲಿ ಯಾರಾದರೂ ಜಗಳಕ್ಕೆ ನಿಂತರೂ ಶೆಟ್ಟೆವ್ವ ಹೋಗಿ ಬೈಯುವವರ ಕೈ ಹಿಡಿಯತೊಡಗಿದಳು. ತಲೆ ಕೆಟ್ಟಿದೆ ಎಂದರು ಕೆಲವರು. ಅನ್ನಲಿ.

ಒಂದು ಸಂಜೆ ಸೋಮಲಿಂಗನಿಗೆ ತಡೆಯಲಾಗಲಿಲ್ಲ. ಹಳೆಯ ಶೆಟ್ಟೆವ್ವ ಬೇಕಾಗಿದ್ದಳು ಅವನಿಗೆ, ಮುಖ ತಿರುಗಿಸಿ ಕೂತು ಚಹಾ ಕೊಡದ ಶೆಟ್ಟೆವ್ವ. ಹೇಗಾದರೂ ಮಾಡಿ ಅವಳಿಗೆ ಸಿಟ್ಟು ಬರಿಸಬೇಕೆಂದು, ಚಹಾ ಬಾಯಿಗಿಡುವ ಮೊದಲೇ ಸಕ್ಕರೆ ಇಲ್ಲ, ಹಾಲಿಲ್ಲ, ಇದೇನು ಕೊಚ್ಚೆ ನೀರೋ ಎಂದು ಶುರು ಮಾಡಿದ. ಅವಳ ತವರಿನವರನ್ನೂ ಎಳೆದು ತಂದ. ಬೈಯುತ್ತ ಬೈಯುತ್ತ ಅವಳ ಬೆನ್ನು ಕಾಣುವುದನ್ನೇ ಕಾದ. ಶೆಟ್ಟೆವ್ವ ಎದ್ದು ಹತ್ತಿರ ಬಂದು ಕೂತು, ಅವನ ಒರಟು ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡಳು. ಬೆರಳಿನ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಸೋಮಲಿಂಗನ ಬಾಯಿ ತಾನಾಗಿ ನಿಂತಿತು, ಕಣ್ಣು ತುಂಬಿ ಬಂದವು.

"ಬೆಚ್ಚಗ ಐತ್ರಿ," ಎಂದಳು ಶೆಟ್ಟೆವ್ವ. "ಯಾಕ ನಿಂದ್ರಿಸಿದ್ರಿ? ಇನ್ನಷ್ಟು ಬೈರಿ."